ವೈರ್ ಗೋಡೆಯೊಳಗಿರಲಿ, ಜಾಯಿಂಟ್ ಕೈಗೆ ಸಿಗಲಿ: ಹಳೇ ಮನೆಯ ವೈರಿಂಗ್ ಕೆಲಸದ ಟಿಪ್ಪಣಿ

ಮನೆ ಮೈಸೂರಿನ ಕುವೆಂಪುನಗರದಲ್ಲಿದೆ. ತೊಂಬತ್ತರ ದಶಕದ ಶುರುವಿನಲ್ಲಿ ಕಟ್ಟಿದ್ದು. ಕೆಳಗೆ ಹಾಲ್, ಎರಡು ರೂಮು, ಅಡುಗೆಮನೆ. ಮೇಲೆ ಒಂದು ರೂಮು, ತಾರಸಿ. ಈ ಸಲ ಕೈಹಾಕಿದ್ದು ಕೆಳಮನೆಗೆ ಮಾತ್ರ. ಅಡುಗೆಮನೆಗೂ ಊಟದ ಜಾಗಕ್ಕೂ ನಡುವೆ ಇದ್ದ ನಾಲ್ಕೂವರೆ ಇಂಚಿನ ಗೋಡೆ ತೆಗೆಯಬೇಕು. ಮಾಡ್ಯುಲರ್ ಕಿಚನ್ ಬರಬೇಕು. ಹಾಲ್‌ಗೆ ಜಿಪ್ಸಮ್ ಬೋರ್ಡಿನ ಫಾಲ್ಸ್ ಸೀಲಿಂಗ್ ಆಗಬೇಕು.

ಗೋಡೆ ಹೋದರೆ ಅದರ ಮೇಲಿದ್ದ ಸ್ವಿಚ್‌ಬೋರ್ಡ್ ಇನ್ನೊಂದು ಕಡೆ ಹೋಗಲೇಬೇಕು. ಫ್ರಿಜ್ ಪಾಯಿಂಟ್ ಇದ್ದ ಜಾಗಕ್ಕೆ ಕಿಚನ್‌ನ ಟಾಲ್ ಯೂನಿಟ್ (ಆಳೆತ್ತರದ ಕಪಾಟು) ಬರುವುದರಿಂದ ಅದೂ ಸರಿಯಬೇಕು. ಹೀಗೆ ಬೋರ್ಡ್ ಮೂರು ನಾಲ್ಕು ಅಡಿ ಸರಿಯುವ ಹೊತ್ತಿಗೆ ಪ್ರತಿ ಮನೆಯಲ್ಲೂ ಒಂದೇ ತೊಡಕು ಬರುತ್ತದೆ. ಹಳೇ ವೈರ್ ಹೊಸ ಜಾಗದ ತನಕ ಎಟುಕುವುದಿಲ್ಲ. ಆಗ ಅತಿ ಸುಲಭದ ದಾರಿ ಅಂದರೆ ತುದಿಗೆ ಇನ್ನೊಂದು ತುಂಡು ಹೊಸೆದು, ಟೇಪ್ ಸುತ್ತಿ, ಮೇಲೆ ಸಿಮೆಂಟ್ ಬಳಿಯುವುದು. ಗೋಡೆ ನುಣ್ಣಗಾಗುತ್ತದೆ, ಬಣ್ಣ ಬೀಳುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಮನೆಯಲ್ಲಿ ಅದನ್ನು ಮಾಡದೇ ಇರಲು ಏನೇನು ಮಾಡಬೇಕಾಯಿತು ಎಂಬುದನ್ನು ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ಬಲ್ಬು, ಫ್ಯೂಸು, ಹಾಳಾದ ಸ್ವಿಚ್ಚು ಬದಲಾಯಿಸುವುದು ನಮ್ಮ ಕೈಕೆಲಸ, ಅದಕ್ಕೆ ಅಡ್ಡಿಯಿಲ್ಲ. ಅದಕ್ಕಿಂತ ಹೆಚ್ಚಿನದ್ದನ್ನು, ಅಂದರೆ ಲೈನ್ ಸೇರಿಸುವುದು, ತಿರುಗಿಸುವುದು, ಬದಲಿಸುವುದನ್ನು, ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಕೈಯಲ್ಲೇ ಮಾಡಿಸಬೇಕು. ಇದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ. 2010ರದ್ದರಲ್ಲೇ ಇತ್ತು, 2023ರಲ್ಲಿ ಆ ನಿಯಮಗಳು ಹೊಸದಾಗಿ ಬಂದಿವೆ. ನಮ್ಮ ರಾಜ್ಯದಲ್ಲಿ ಆ ಲೈಸೆನ್ಸ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಹಾಗಾಗಿ ಇಲ್ಲಿ ಉಳಿ, ಕಟರ್, ಪೈಪು, ವೈರು ಎಲ್ಲ ಕಂಟ್ರಾಕ್ಟರ್ ಮತ್ತು ಅವರ ಹುಡುಗನ ಕೈಯಲ್ಲಿದ್ದವು. ನಕ್ಷೆ, ಅಳತೆ, ಫೋಟೋ, ಸಾಮಾನು ತರುವುದು, ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳುವುದು ನನ್ನ ಪಾಲು. ಪ್ರಶ್ನೆ ಕೇಳುವುದೂ ಕೆಲಸವೇ. ಸ್ವಲ್ಪ ಜಾಸ್ತಿಯೇ ಕೇಳಿದೆ ಅನ್ನಿಸುತ್ತದೆ.

ಗೋಡೆ ಒಡೆದಾಗ ಸಿಕ್ಕಿದ್ದು

ಅಡುಗೆಮನೆ ಪಕ್ಕದ ಬಚ್ಚಲಿನ ಹೊರಗೋಡೆಯಲ್ಲಿ, ನೆಲದಿಂದ ಆಳೆತ್ತರದಲ್ಲಿ, ಅಂಗೈ ಅಗಲದ ಒಂದು ಕಂದು ಕಲೆ ಇತ್ತು. ಹಲವು ಸಲ ಬಣ್ಣ ಹೊಡೆದರೂ ಮತ್ತೆ ಬರುತ್ತಿತ್ತು. ನೀರು ಜಿನುಗುತ್ತಿದೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಪ್ಲಂಬರ್ ಕೂಡ ಹಾಗೇ ಹೇಳಿ ಹೋಗಿದ್ದರು.

ಗಾರೆಯವರು ಅಲ್ಲಿ ಉಳಿ ಇಟ್ಟಾಗ ನೀರಿನ ಪಸೆಯೇ ಇರಲಿಲ್ಲ. ಸಿಕ್ಕಿದ್ದು ಗೀಸರ್ ಲೈನ್. ಪೈಪಿಲ್ಲ, ಬಾಕ್ಸಿಲ್ಲ. ಗಾರೆಯೊಳಗೆ ನೇರವಾಗಿ ಕೂತಿದ್ದ ಎರಡು ವೈರು. ಒಂದು ಕಡೆಯದು ದಪ್ಪ ತಾಮ್ರ, ಇನ್ನೊಂದು ಕಡೆಯದು ಹಳೇ ಅಲ್ಯೂಮಿನಿಯಂ. ಎರಡನ್ನೂ ಹೊಸೆದು ಕಪ್ಪು ಟೇಪ್ ಸುತ್ತಿದ್ದರು. ಟೇಪ್ ಗಟ್ಟಿಯಾಗಿ ಚಕ್ಕೆ ಚಕ್ಕೆಯಾಗಿ ಉದುರಿತು. ಅದರ ಆಚೆ ಈಚೆ ಒಂದು ಗೇಣು ಉದ್ದಕ್ಕೆ ವೈರಿನ ಮೇಲಿನ ಪಿವಿಸಿ ಬೆರಳಲ್ಲಿ ಮುಟ್ಟಿದರೆ ಬಿರಿಯುತ್ತಿತ್ತು. ಸುತ್ತಲ ಸಿಮೆಂಟು ಕಂದು ಬಣ್ಣಕ್ಕೆ ತಿರುಗಿತ್ತು. ಹಿಂದೆ ಯಾವಾಗಲೋ ಗೀಸರ್ ಪಾಯಿಂಟ್ ಸರಿಸಿದಾಗ ಯಾರೋ ಮಾಡಿಟ್ಟು ಹೋದದ್ದು.

ಅತ್ತೆಯವರು ನೋಡಿ, "ಇಷ್ಟು ವರ್ಷ ಒಂದು ಸಲನಾದ್ರೂ ಫ್ಯೂಸ್ ಹೋಗ್ಲಿಲ್ವಲ್ಲಮ್ಮ" ಅಂದರು. ಸರಿಯಾದ ಪ್ರಶ್ನೆ. ಉತ್ತರ ತಿಳಿಯಲು ಒಂದು ಚಿಕ್ಕ ಲೆಕ್ಕ ಸಾಕು.

ಗೀಸರ್ 2000 ವಾಟ್. 230 ವೋಲ್ಟಿನಲ್ಲಿ ಅದು ಎಳೆಯುವುದು 8.7 ಆಂಪ್. ಸಡಿಲವಾದ ಜಾಯಿಂಟಿನ ತಡೆ ಬರೀ ಅರ್ಧ ಓಮ್ ಇದೆ ಅಂದುಕೊಳ್ಳಿ. ಕರೆಂಟನ್ನು ಕರೆಂಟಿನಿಂದಲೇ ಗುಣಿಸಿ, ತಡೆಯಿಂದ ಮತ್ತೆ ಗುಣಿಸಿದರೆ ಸುಮಾರು 38 ವಾಟ್ ಬರುತ್ತದೆ. ಅಷ್ಟೂ ಶಾಖ ಆ ಒಂದು ಗಂಟಿನಲ್ಲೇ ಹುಟ್ಟುತ್ತದೆ. ರೇಡಿಯೋ ರಿಪೇರಿ ಅಂಗಡಿಯ ಬೆಸುಗೆ ಕಡ್ಡಿ 25 ವಾಟಿನದು. ಅದಕ್ಕಿಂತ ಹೆಚ್ಚು ಶಾಖ ಹುಟ್ಟಿಸುವ ಒಂದು ವಸ್ತು ಗೋಡೆಯೊಳಗೆ, ಗಾಳಿಯಾಡದ ಜಾಗದಲ್ಲಿ, ದಿನಾ ಬೆಳಿಗ್ಗೆ ಉರಿಯುತ್ತಿತ್ತು ಅಂತಾಯಿತು. ಸಾಮಾನ್ಯ ಪಿವಿಸಿ ವೈರ್ ತಾಳುವುದು 70 ಡಿಗ್ರಿ ಸೆಲ್ಸಿಯಸ್ ತನಕ.

ಇಷ್ಟೆಲ್ಲ ಆದರೂ ಗೀಸರಿಗೆ ಕಡಿಮೆಯಾಗುವುದು ನಾಲ್ಕು ವೋಲ್ಟ್ ಚಿಲ್ಲರೆ. ನೀರು ಕಾಯುವುದರಲ್ಲಿ ವ್ಯತ್ಯಾಸವೇ ತಿಳಿಯುವುದಿಲ್ಲ. ಎಂಸಿಬಿ, ಅಂದರೆ ಈಗ ಫ್ಯೂಸಿನ ಬದಲು ಹಾಕುವ, ತಾನೇ ಬೀಳುವ ಸ್ವಿಚ್ಚು, ನೋಡುವುದು ಕರೆಂಟು ಜಾಸ್ತಿಯಾಯಿತಾ ಅಂತ. ಇಲ್ಲಿ ಜಾಸ್ತಿಯಾಗಿಲ್ಲ, ಕೂದಲೆಳೆಯಷ್ಟು ಕಡಿಮೆಯೇ ಆಗಿದೆ. ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್ಚು, ನೋಡುವುದು ಹೋದ ಕರೆಂಟು ವಾಪಸ್ ಬಂತಾ, ಇಲ್ಲಾ ಬೇರೆ ಕಡೆ ಸೋರಿತಾ ಅಂತ. ಇಲ್ಲಿ ಸೋರಿಕೆಯೂ ಇಲ್ಲ. ಡಿಬಿಯಲ್ಲಿ (ಮನೆಯ ಲೈನ್‌ಗಳೆಲ್ಲ ಕವಲೊಡೆಯುವ ಡಿಸ್ಟ್ರಿಬ್ಯೂಷನ್ ಬೋರ್ಡಿನಲ್ಲಿ) ಕೂರುವ ಈ ಎರಡು ಕಾವಲುಗಾರರಿಗೂ ಸಡಿಲ ಜಾಯಿಂಟ್ ಕಾಣುವುದಿಲ್ಲ. ಅದನ್ನು ಹಿಡಿಯುವುದು ಮನುಷ್ಯನ ಕಣ್ಣು, ಮೂಗು, ಸ್ಕ್ರೂಡ್ರೈವರ್ ಮಾತ್ರ. ಗಾರೆಯೊಳಗೆ ಹೂತರೆ ಅದೂ ಇಲ್ಲ.

ಅಲ್ಯೂಮಿನಿಯಂ ಇದ್ದದ್ದು ಇನ್ನೂ ಕೆಟ್ಟದ್ದು. ಅದರ ಮೇಲೆ ಕರೆಂಟ್ ಹರಿಯಬಿಡದ ಆಕ್ಸೈಡ್ ಪೊರೆ ಬೇಗ ಕಟ್ಟುತ್ತದೆ. ಲೋಹ ಮೆದು, ಒತ್ತಿದರೆ ಮೆಲ್ಲಗೆ ಹರಡಿಕೊಂಡು ಹಿಡಿತ ಸಡಿಲವಾಗುತ್ತದೆ. ತಾಮ್ರದ ಜೊತೆ ಹೊಸೆದರೆ ತೇವಕ್ಕೆ ಅಲ್ಯೂಮಿನಿಯಂ ಇನ್ನಷ್ಟು ಬೇಗ ಸವೆಯುತ್ತದೆ.

ನಿಯಮ ಏನು ಹೇಳುತ್ತದೆ

ಮನೆ ವೈರಿಂಗಿಗೆ ನಮ್ಮಲ್ಲಿ ಆಧಾರ ಐಎಸ್ 732 ಎಂಬ ಮಾನಕ, ಇತ್ತೀಚಿನ ಆವೃತ್ತಿ 2019ರದ್ದು. ಅದರ ಜೊತೆ ರಾಷ್ಟ್ರೀಯ ವಿದ್ಯುತ್ ಸಂಹಿತೆ. ಅವುಗಳಲ್ಲಿ ನಮ್ಮ ಕೆಲಸಕ್ಕೆ ಬೇಕಾದದ್ದನ್ನು ಕಂಟ್ರಾಕ್ಟರ್ ಜೊತೆ ಕೂತು ಮೊದಲೇ ಮಾತಾಡಿಕೊಂಡೆ.

ಜಾಯಿಂಟ್‌ಗಳೆಲ್ಲ ಪರೀಕ್ಷೆಗೆ, ರಿಪೇರಿಗೆ ಕೈಗೆ ಸಿಗುವಂತಿರಬೇಕು. ನೆಲದಲ್ಲಿ ಹೂಳಲೆಂದೇ ಮಾಡಿದ, ಒಳಗೆ ಕಾಂಪೌಂಡ್ ತುಂಬಿದ ಕೇಬಲ್ ಜಾಯಿಂಟಿನಂಥ ಕೆಲವಕ್ಕೆ ವಿನಾಯಿತಿ ಇದೆ, ಅದು ಮನೆ ಗೋಡೆಯ ಮಾತಲ್ಲ. ಪೈಪಿನ ಒಳಗೆ ಜಾಯಿಂಟ್ ಬರಕೂಡದು. ವೈರ್ ಒಂದು ಬಾಕ್ಸಿನಿಂದ ಇನ್ನೊಂದು ಬಾಕ್ಸಿಗೆ ಅಖಂಡವಾಗಿ ಹೋಗಬೇಕು, ಕವಲು ಬೇಕಾದರೆ ಸ್ವಿಚ್ಚಿನ ಅಥವಾ ಪಾಯಿಂಟಿನ ಟರ್ಮಿನಲ್ಲಿನಲ್ಲಿ ಲೂಪ್ ಮಾಡಿ ಮುಂದೆ ಒಯ್ಯಬೇಕು. ಗೋಡೆಯೊಳಗಿನ ಪೈಪಿಗೆ ಅಲ್ಲಲ್ಲಿ ಇನ್‌ಸ್ಪೆಕ್ಷನ್ ಬಾಕ್ಸ್ ಇಡಬೇಕು, ಅದರ ಮುಚ್ಚಳ ಗೋಡೆಯ ಮಟ್ಟಕ್ಕೆ ಸಮನಾಗಿ ಹೊರಗೆ ಕಾಣಬೇಕು. ಈ ಬಾಕ್ಸ್ ಎಷ್ಟು ಬೇಕೋ ಅಷ್ಟೇ ಇರಲಿ ಅಂತಲೂ ಹೇಳುತ್ತದೆ. ಗೋಡೆ ತುಂಬ ಮುಚ್ಚಳ ಹಾಕಿ ಅಂತ ಯಾರೂ ಹೇಳುತ್ತಿಲ್ಲ.

ನನ್ನ ತಂಗಿ ಇಂಗ್ಲೆಂಡಿನಲ್ಲಿದ್ದಾಳೆ. "ನಮ್ಮಲ್ಲಿ ಗೋಡೆಯೊಳಗೂ ಜಾಯಿಂಟ್ ಬಿಡ್ತಾರೆ ಕಣೇ" ಅಂತ ಫೋನಿನಲ್ಲಿ ವಾದ ಮಾಡಿದಳು. ಪೂರ್ತಿ ಸುಳ್ಳಲ್ಲ. ಅಲ್ಲಿನ ಬಿಎಸ್ 7671 ನಿಯಮದಲ್ಲಿ ಬೆಸುಗೆ ಹಾಕಿದ ಅಥವಾ ಸರಿಯಾದ ಉಪಕರಣದಲ್ಲಿ ಕ್ರಿಂಪ್ ಮಾಡಿದ (ಒತ್ತಿ ಬಿಗಿದ) ಜಾಯಿಂಟಿಗೆ, ಮತ್ತೆ ಎಂಎಫ್ ಅಂತ ಗುರುತು ಹಾಕಿದ, ನಿಗಾ ಬೇಡದ ಬಗೆಯ ಬಾಕ್ಸಿಗೆ ಆ ವಿನಾಯಿತಿ ಇದೆ. ಸ್ಕ್ರೂ ತಿರುಗಿಸಿ ಬಿಗಿ ಮಾಡುವ ಸಾಮಾನ್ಯ ಕನೆಕ್ಟರ್‌ಗೆ ಅಲ್ಲೂ ಇಲ್ಲ. ಹೊಸೆದು ಟೇಪ್ ಸುತ್ತಿದ್ದಕ್ಕಂತೂ ಇಲ್ಲವೇ ಇಲ್ಲ. ಅಮೆರಿಕದ ನಿಯಮ ಇನ್ನೂ ಬಿಗಿ: ಕಟ್ಟಡದ ಯಾವ ಭಾಗವನ್ನೂ ಒಡೆಯದೆ, ಕೀಳದೆ ಜಂಕ್ಷನ್ ಬಾಕ್ಸ್ ತೆಗೆಯಲು ಬರಬೇಕು.

ನಮ್ಮ ಕಂಟ್ರಾಕ್ಟರಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಮೊದಲ ದಿನ, "ಮೇಡಂ, ಒಳ್ಳೆ ಟೇಪ್ ಸುತ್ತಿ ಹೊಡೆದ್ರೆ ಇಪ್ಪತ್ತು ವರ್ಷ ಏನೂ ಆಗಲ್ಲ" ಅಂದರು. ಬೈಯಬೇಕಾಗಿಲ್ಲ. ಕಡಿಮೆ ರೇಟಿಗೆ ಕೆಲಸ ಒಪ್ಪಿಸಿ, ಬೇಗ ಮುಗಿಸಿ ಅಂತ ಅವಸರ ಮಾಡುವವರು ನಾವೇ. ಬಚ್ಚಲ ಗೋಡೆಯಿಂದ ತೆಗೆದ ಆ ಸುಟ್ಟ ಗಂಟನ್ನು ಅವರ ಮುಂದೆ ಇಟ್ಟೆ. ಕೈಯಲ್ಲಿ ತಿರುಗಿಸಿ ನೋಡಿದರು. ಆಮೇಲೆ ಆ ಮಾತು ಬರಲಿಲ್ಲ.

ಬೋರ್ಡ್ ಸರಿಸಲು ಮೂರು ದಾರಿ

ಮೊದಲನೆಯದು ಹಳೇ ಬೋರ್ಡಿನ ಲೋಹದ ಬಾಕ್ಸನ್ನು ಇದ್ದಲ್ಲೇ ಬಿಟ್ಟು, ಅದನ್ನೇ ಜಂಕ್ಷನ್ ಬಾಕ್ಸ್ ಮಾಡಿ, ಮೇಲೆ ಬ್ಲಾಂಕ್ ಪ್ಲೇಟ್ (ಸ್ವಿಚ್ಚಿಲ್ಲದ ಬರೀ ಮುಚ್ಚಳ) ಹಾಕುವುದು. ಅಲ್ಲಿಂದ ಹೊಸ ಬೋರ್ಡಿಗೆ ಹೊಸ ಪೈಪು. ಎರಡನೆಯದು ಡಿಬಿಯಿಂದಲೇ ಹೊಸ ವೈರ್ ಎಳೆದು ಜಾಯಿಂಟಿನ ಮಾತೇ ಬರದ ಹಾಗೆ ಮಾಡುವುದು. ಮೂರನೆಯದು ಬೇರೆ ಯಾವುದಾದರೂ ಈಗಿರುವ ಬೋರ್ಡಿನ ಒಳಗೇ ಜಾಯಿಂಟ್ ಬರುವಂತೆ ಲೈನ್ ತಿರುಗಿಸುವುದು.

ಅಡುಗೆಮನೆಗೆ ಎರಡನೆಯದನ್ನೇ ಆರಿಸಿದೆವು. ಅಲ್ಲಿದ್ದ ಹಳೇ ವೈರು ಹೇಗೂ ಸಾಲುತ್ತಿರಲಿಲ್ಲ. ಆ ಕಾಲದವರು ವೈರನ್ನು ಗೇಜಿನಲ್ಲಿ ಹೇಳುತ್ತಿದ್ದರು. ಈಗಲೂ ನಮ್ಮ ಕಂಟ್ರಾಕ್ಟರ್ ಬಾಯಲ್ಲಿ "ತ್ರೀ ಟ್ವೆಂಟಿಟೂ", "ಸೆವೆನ್ ಟ್ವೆಂಟಿಟೂ" ಅಂತಲೇ ಬರುತ್ತದೆ. 22 ಗೇಜಿನ ಮೂರು ಎಳೆ ಅಂದರೆ ಸುಮಾರು 1.2 ಚದರ ಮಿಲಿಮೀಟರ್, ಏಳು ಎಳೆ ಅಂದರೆ ಸುಮಾರು 2.8. ಒಂದು ಮಿಕ್ಸಿ, ಒಂದು ಫ್ರಿಜ್ ಇದ್ದ ಕಾಲಕ್ಕೆ ನಡೆಯುತ್ತಿತ್ತು. ಈಗ ಇಂಡಕ್ಷನ್ ಒಲೆ, ಮೈಕ್ರೋವೇವ್, ಚಿಮಣಿ, ನೀರಿನ ಫಿಲ್ಟರ್ ಎಲ್ಲ ಬಂದಿವೆ. ಹಾಗಾಗಿ ಅಡುಗೆಮನೆಯ 16 ಆಂಪ್ ಸಾಕೆಟ್‌ಗಳನ್ನು ಮೂರು ಬೇರೆ ಬೇರೆ ಲೈನಿಗೆ ಹಂಚಿದೆವು, ಒಂದು ಲೈನಿಗೆ ಎರಡಕ್ಕಿಂತ ಹೆಚ್ಚಿಲ್ಲ. ಅವಕ್ಕೂ ಗೀಸರಿಗೂ 4 ಚದರ ಮಿಲಿಮೀಟರ್ ತಾಮ್ರ. ದೀಪ, ಫ್ಯಾನಿಗೆ 1.5. ಲೈಟ್ ಲೈನ್ ಒಂದಕ್ಕೆ 10 ಪಾಯಿಂಟ್ ಅಥವಾ 800 ವಾಟ್ ಮೀರಬಾರದು ಎಂಬುದು ಹಳೆಯ ಕಟ್ಟಳೆ, ಅದನ್ನೂ ಪಾಲಿಸಿದೆವು.

ಹಾಲ್‌ನ ಹಳೇ ವೈರು ಪೈಪಿನಲ್ಲಿತ್ತು, ಚೆನ್ನಾಗಿತ್ತು. ಅದನ್ನು ಪೂರ್ತಿ ಕಿತ್ತು ಹಾಕಲು ಮನಸ್ಸಾಗಲಿಲ್ಲ. ಅಲ್ಲಿ ಮೊದಲನೇ ದಾರಿ. ತಕರಾರು ಬಂದದ್ದೂ ಅಲ್ಲೇ. ಬ್ಲಾಂಕ್ ಪ್ಲೇಟ್ ಬರುವ ಜಾಗ ದೇವರಮನೆ ಬಾಗಿಲ ಪಕ್ಕ. "ಏನಮ್ಮ ಇದು, ಗೋಡೆ ಮಧ್ಯೆ ಬಿಳಿ ತೇಪೆ ಹಾಕಿದ ಹಾಗೆ" ಅಂತ ಅತ್ತೆ ಮುಖ ಸಿಂಡರಿಸಿದರು. ಪೇಂಟರ್ ತಕ್ಷಣ ಪರಿಹಾರ ಹೇಳಿದರು: ಪ್ಲೇಟಿನ ಮೇಲೆ ಪುಟ್ಟಿ ಎಳೆದು ಬಿಡೋಣ, ಕಾಣೋದೇ ಇಲ್ಲ. ಆಗ ಪ್ಲೇಟ್ ಹಾಕಿಯೂ ಹಾಕದ ಹಾಗೇ ಅಲ್ವಾ? ಕೊನೆಗೆ ಆದದ್ದು ಹೀಗೆ. ಪ್ಲೇಟನ್ನು ಬಿಚ್ಚಿಟ್ಟು, ಅದಕ್ಕೆ ಗೋಡೆಯ ಬಣ್ಣವನ್ನೇ ಬೇರೆಯಾಗಿ ಹೊಡೆದು, ಒಣಗಿದ ಮೇಲೆ ಹಾಕಿದೆವು. ಸ್ಕ್ರೂ ಎರಡೂ ಕಾಣುತ್ತವೆ, ಅಂಚಿನಲ್ಲಿ ಪುಟ್ಟಿ ಇಲ್ಲ. ಹತ್ತಿರ ಹೋಗಿ ಹುಡುಕಿದರೆ ಮಾತ್ರ ತಿಳಿಯುತ್ತದೆ. ಪಕ್ಕದಲ್ಲಿ ಕ್ಯಾಲೆಂಡರ್ ಬಂದ ಮೇಲೆ ಅತ್ತೆ ಅದರ ಸುದ್ದಿ ಬಿಟ್ಟರು.

ಆ ಬಾಕ್ಸಿನೊಳಗೆ ಹೊಸೆದ ಗಂಟು ಬೇಡ ಅಂತ ಲಿವರ್ ಕನೆಕ್ಟರ್ ತಂದುಕೊಟ್ಟೆ. ವಾಗೋ 221 ಸರಣಿಯದು. 4 ಚದರ ಮಿಲಿಮೀಟರ್ ತನಕ ಹಿಡಿಯುತ್ತದೆ, 32 ಆಂಪ್ ತಾಳುತ್ತದೆ. ವೈರನ್ನು 11 ಮಿಲಿಮೀಟರ್ ಸುಲಿದು, ತೂರಿಸಿ, ಲಿವರ್ ಒತ್ತಿದರೆ ಮುಗಿಯಿತು. ಮೈ ಪಾರದರ್ಶಕ, ತಾಮ್ರ ಕೊನೆತನಕ ಹೋಗಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಕಂಟ್ರಾಕ್ಟರ್ ಮೊದಲು "ಆಟದ ಸಾಮಾನು ಇದ್ದಂಗಿದೆ" ಅಂದರು. ಜೋರಾಗಿ ಎಳೆದು ನೋಡಿ ಸುಮ್ಮನಾದರು. ಬೆಲೆ ಟೇಪಿಗಿಂತ ಜಾಸ್ತಿ, ನಿಜ. ಆದರೆ ಇಡೀ ಮನೆಗೆ ಬೇಕಾದದ್ದು ಬೆರಳೆಣಿಕೆಯಷ್ಟು. ಜಾಯಿಂಟ್ ಕಡಿಮೆ ಇರಬೇಕು ಅಂತ ತಾನೇ ಇಷ್ಟೆಲ್ಲ ಮಾಡಿದ್ದು.

ಗೋಡೆ ಕೊರೆಯುವಾಗ

ಗ್ರೂವ್ ಕಟಿಂಗ್ ಬಗ್ಗೆ ಯಾರೂ ಮಾತಾಡುವುದಿಲ್ಲ. ಎಷ್ಟು ಬೇಕಾದರೂ ಕೊರೆಯಬಹುದು ಅಂದುಕೊಂಡಿರುತ್ತೇವೆ. ಭಾರ ಹೊರುವ ಗೋಡೆಗೆ ಐಎಸ್ 1905 ಎಂಬ ಮಾನಕದಲ್ಲಿ ಲೆಕ್ಕವಿದೆ. ಮೇಲಿಂದ ಕೆಳಗೆ ಹೋಗುವ ಕಾಲುವೆಯ ಆಳ ಗೋಡೆ ದಪ್ಪದ ಮೂರರಲ್ಲಿ ಒಂದು ಪಾಲು ಮೀರಬಾರದು. ಅಡ್ಡ ಹೋಗುವುದು ಆರರಲ್ಲಿ ಒಂದು ಪಾಲು ಮೀರಬಾರದು. ಒಂಬತ್ತು ಇಂಚಿನ ಗೋಡೆ ಅಂದರೆ 230 ಮಿಲಿಮೀಟರ್. ಉದ್ದಕ್ಕೆ 76, ಅಡ್ಡಕ್ಕೆ 38 ಸಿಗುತ್ತದೆ. ಇದೇ ಪಾಲನ್ನು ನಾಲ್ಕೂವರೆ ಇಂಚಿನದ್ದಕ್ಕೆ ಹಿಡಿದರೆ ಉದ್ದಕ್ಕೆ 38, ಅಡ್ಡಕ್ಕೆ ಬರೀ 19. ಅಂದರೆ 25 ಮಿಲಿಮೀಟರ್ ಪೈಪನ್ನು ತೆಳ್ಳಗಿನ ಗೋಡೆಯಲ್ಲಿ ಅಡ್ಡ ಓಡಿಸಲು ಬರುವುದೇ ಇಲ್ಲ.

ನಮ್ಮ ತೆಳು ಗೋಡೆಗಳು ಭಾರ ಹೊರುವಂಥವಲ್ಲ, ಆದರೂ ನಾನು ಅದೇ ಲೆಕ್ಕ ಹಿಡಿದೆ. ಅಡ್ಡ ಓಟವೆಲ್ಲ ಫಾಲ್ಸ್ ಸೀಲಿಂಗ್ ಮೇಲೆ, ಅಲ್ಲಿಂದ ಪ್ರತಿ ಬೋರ್ಡಿಗೂ ನೇರ ಕೆಳಗಿಳಿಯುವ ಪೈಪ್. ಸ್ವಲ್ಪ ಪೈಪು ಜಾಸ್ತಿ ಹೋಯಿತು. ಇದರಿಂದ ಇನ್ನೊಂದು ಅನುಕೂಲವೂ ಇದೆ. ಮುಂದೆ ಯಾರಾದರೂ ಮೊಳೆ ಹೊಡೆಯಲು, ಡ್ರಿಲ್ ಹಾಕಲು ಬಂದರೆ ಒಂದೇ ಮಾತು ಹೇಳಿದರೆ ಸಾಕು: ಬೋರ್ಡಿನ ನೇರ ಮೇಲೆ ಮುಟ್ಟಬೇಡಿ, ಮಿಕ್ಕಲ್ಲಿ ಧೈರ್ಯವಾಗಿ ಹಾಕಿ. ಹತ್ತಿರದ ದಾರಿ ಅಂತ ಪೈಪನ್ನು ಓರೆಯಾಗಿ ಓಡಿಸುವ ಚಾಳಿ ಇದೆಯಲ್ಲ, ಅದರಷ್ಟು ಅಪಾಯ ಇನ್ನೊಂದಿಲ್ಲ. ಕಿಚನ್ ಕ್ಯಾಬಿನೆಟ್ ಕೂರಿಸುವ ಬಡಗಿಗೆ ಒಳಗೆ ಏನಿದೆ ಅಂತ ಹೇಗೆ ತಿಳಿಯಬೇಕು?

ತಿರುವುಗಳಲ್ಲಿ ಎಲ್ಬೋ ಹಾಕದೆ ಪೈಪನ್ನೇ ಒಳಗೆ ಸ್ಪ್ರಿಂಗ್ ತೂರಿಸಿ ದೊಡ್ಡ ಸುತ್ತಿನಲ್ಲಿ ಬಗ್ಗಿಸಿದರು. ಪೈಪನ್ನು ಕಾಲುವೆಯಲ್ಲಿ ಅಲ್ಲಲ್ಲಿ ಬಿಗಿದು, ಮೇಲೆ ಚಿಕನ್ ಮೆಷ್ (ತಂತಿ ಬಲೆ) ಹೊಡೆದು, ಆಮೇಲೆ ಗಾರೆ. ಮೆಷ್ ಇಲ್ಲದಿದ್ದರೆ ಪೈಪಿನ ಉದ್ದಕ್ಕೂ ಬಿರುಕು ಬಿಡುತ್ತದೆ.

ಒಂದು ವಿಷಯಕ್ಕೆ ನಾನು ಹಟ ಹಿಡಿದೆ. ಪೈಪಿನ ಕೆಲಸ ಪೂರ್ತಿಯಾಗಿ, ಗಾರೆ ಒಣಗಿದ ಮೇಲಷ್ಟೇ ವೈರ್ ಎಳೆಯಬೇಕು. ಹುಡುಗ ಮೊದಲೇ ವೈರ್ ತೂರಿಸಿ ಪೈಪ್ ಕೂರಿಸುತ್ತೇನೆ, ಸುಲಭ ಅಂದ. ಸುಲಭ ಹೌದು. ಆದರೆ ಮುಚ್ಚಿದ ಪೈಪಿನಲ್ಲಿ ಇವತ್ತು ವೈರ್ ಎಳೆಯಲು ಬಂದರೆ ಹತ್ತು ವರ್ಷದ ಮೇಲೂ ಎಳೆಯಲು ಬರುತ್ತದೆ. ಇವತ್ತೇ ಬಾರದಿದ್ದರೆ ಎಲ್ಲೋ ಪೈಪು ಅಪ್ಪಚ್ಚಿಯಾಗಿದೆ, ಇಲ್ಲ ಸಿಮೆಂಟ್ ಒಳಗೆ ಹೋಗಿದೆ. ಅದು ಬಣ್ಣ ಹೊಡೆಯುವ ಮುಂಚೆಯೇ ತಿಳಿಯಬೇಕು. ನಮ್ಮಲ್ಲಿ ಒಂದು ಪೈಪು ಹಾಗೇ ಸಿಕ್ಕಿತು. ಸಿಂಕಿನ ಮೇಲಿನದು. ಎರಡು ಪೈಪು ಸೇರುವಲ್ಲಿ ಗಮ್ ಹಾಕಿರಲಿಲ್ಲ, ಬಿಟ್ಟುಕೊಂಡು ಗಾರೆ ಒಳನುಗ್ಗಿತ್ತು. ಟೈಲ್ಸ್ ಹಾಕುವ ಮುಂಚೆ ಸಿಕ್ಕಿದ್ದರಿಂದ ಒಂದಡಿ ಕೆತ್ತಿ ಸರಿಮಾಡಿದರು.

ಗಾರೆಗೆ ಮುಂಚೆ ಪ್ರತಿ ಗೋಡೆಯ ಫೋಟೋ ತೆಗೆದೆ, ಚಿತ್ರದಲ್ಲಿ ಅಳತೆ ಟೇಪ್ ಕಾಣುವ ಹಾಗೆ. ಅಳತೆ ಮೂಲೆಯಿಂದ ಮತ್ತು ನೆಲದಿಂದ. ಹೊಸ ಟೈಲ್ಸ್ ಬಂದರೆ ನೆಲ ಒಂದೆರಡು ಇಂಚು ಏರುತ್ತದೆ, ಅದನ್ನು ಕಳೆದೇ ಬರೆಯಬೇಕು. ನಕ್ಷೆಯ ಒಂದು ಪ್ರತಿಯನ್ನು ಡಿಬಿ ಬಾಗಿಲ ಒಳಗಡೆ ಅಂಟಿಸಿದ್ದೇನೆ.

ಫಾಲ್ಸ್ ಸೀಲಿಂಗ್ ಎಂಬ ಕತ್ತಲೆ

ಜಾಯಿಂಟ್ ಬಚ್ಚಿಡಲು ಗೋಡೆಗಿಂತ ಒಳ್ಳೆಯ ಜಾಗ ಇದು. ಸೀಲಿಂಗ್ ಮಾಡುವವರು ಬೇರೆ, ವೈರಿಂಗ್ ಮಾಡುವವರು ಬೇರೆ. ಲೈಟಿಗೆ ತೂತು ಕೊರೆದಲ್ಲೆಲ್ಲ ಒಂದೊಂದು ವೈರ್ ನೇತಾಡಿಸಿ, ಒಂದರಿಂದ ಒಂದಕ್ಕೆ ಹೊಸೆದು, ಬೋರ್ಡಿನ ಮೇಲೆ ಹಾಗೇ ಹಾಸಿಬಿಡುತ್ತಾರೆ. ಮೇಲೆ ಇಲಿ ಓಡಾಡುತ್ತದೆ. ಎಲ್‌ಇಡಿ ಡ್ರೈವರಿನ (ಲೈಟಿಗೆ ತಕ್ಕ ಕರೆಂಟ್ ಕೊಡುವ ಚಿಕ್ಕ ಡಬ್ಬಿಯ) ಬಿಸಿ ಅಲ್ಲೇ ಉಳಿಯುತ್ತದೆ.

ನಾವು ಮಾಡಿದ್ದು ಇಷ್ಟು. ಪೈಪು ಮೇಲಿನ ಆರ್‌ಸಿಸಿ ಚಾವಣಿಗೇ ಬಿಗಿದದ್ದು, ಜಿಪ್ಸಮ್ ಮೇಲೆ ಭಾರವಿಲ್ಲ. ಪ್ರತಿ ಡೌನ್‌ಲೈಟಿನ ಕನೆಕ್ಷನ್ ಆ ಲೈಟಿನ ತೂತಿನ ಪಕ್ಕದಲ್ಲೇ ಇದೆ, ಲೈಟ್ ಕೆಳಗೆಳೆದರೆ ಜೊತೆಗೆ ಕೈಗೆ ಬರುತ್ತದೆ. ಒಂದು ಲೈಟಿನಿಂದ ಇನ್ನೊಂದಕ್ಕೆ ಲೂಪ್ ಆಗುವುದೂ ಅಲ್ಲೇ. ಅಂಚಿನ ಸ್ಟ್ರಿಪ್ ಲೈಟಿನ ಡ್ರೈವರ್ ಮಾತ್ರ ಯಾವ ತೂತಿಗೂ ಸಿಗುತ್ತಿರಲಿಲ್ಲ. ಅದಕ್ಕೆ ಮೂಲೆಯಲ್ಲಿ ಒಂದು ಟ್ರ್ಯಾಪ್ ಡೋರ್ ಇಡಿಸಿದೆ. ಸೀಲಿಂಗಿನವರು "ಡಿಸೈನ್ ಹಾಳಾಗತ್ತೆ" ಅಂತ ಬೇಜಾರು ಮಾಡಿಕೊಂಡರು. ಆಗಲಿ. ಡ್ರೈವರ್ ಕೆಟ್ಟೇ ಕೆಡುತ್ತದೆ, ಆಗ ಬೋರ್ಡ್ ಕೊಯ್ಯುವ ಡಿಸೈನ್ ನನಗೆ ಬೇಡ.

ಟಾಲ್ ಯೂನಿಟ್‌ಗೂ ಇದೇ ಮಾತು. ಫ್ರಿಜ್‌ನ ಸಾಕೆಟ್ ಅದರ ಬೆನ್ನಿಗೆ ಸಿಗದಂತೆ ಪಕ್ಕದ ಕಪಾಟಿನ ಒಳಗೆ ತಂದೆವು. ಒಂದು ಹಳೇ ಬಾಕ್ಸ್ ಹಿಂದೆಯೇ ಉಳಿಯಿತು. ಅಲ್ಲಿ ಬೆನ್ನುಹಲಗೆಯನ್ನು ಚೌಕವಾಗಿ ಕೊಯ್ಯಿಸಿ, ನಾಲ್ಕು ಸ್ಕ್ರೂ ಬಿಚ್ಚಿದರೆ ಬರುವ ಮುಚ್ಚಳ ಮಾಡಿಸಿದೆ.

ಪರೀಕ್ಷೆ, ಮತ್ತು ಮೆಟ್ಟಿಲ ದೀಪದ ಕಾಟ

ಕರೆಂಟ್ ಕೊಡುವ ಮುಂಚೆ ವೈರಿನ ಇನ್ಸುಲೇಷನ್ ಪರೀಕ್ಷಿಸುವ 500 ವೋಲ್ಟಿನ ಮೆಗ್ಗರ್ ಹಾಕಿಸಿದೆವು. ಎಲ್ಲ ಬಲ್ಬು, ಡ್ರೈವರ್, ಉಪಕರಣ ಬಿಚ್ಚಿರಬೇಕು, ಇಲ್ಲದಿದ್ದರೆ ಆ ವೋಲ್ಟೇಜಿಗೆ ಅವು ಹಾಳಾಗುತ್ತವೆ. ಸ್ವಿಚ್ಚೆಲ್ಲ ಆನ್ ಇರಬೇಕು. ಕನಿಷ್ಠ 1 ಮೆಗಾ ಓಮ್ ಬರಬೇಕು. ಹೊಸ ಲೈನ್‌ಗಳಲ್ಲಿ ಮುಳ್ಳು ಕೊನೆಗೇ ಹೋಯಿತು. ಪೋರ್ಟಿಕೋದ ಹಳೇ ಲೈನ್ ಮಾತ್ರ ಅರ್ಧ ಮೆಗಾ ಓಮಿಗೂ ಬರಲಿಲ್ಲ. ಹೊರಗೋಡೆಯ ಬಾಕ್ಸ್ ತೆಗೆದರೆ ಒಳಗೆ ಮಳೆ ನೀರಿನ ಪಸೆ, ಇರುವೆ ಗೂಡು. ಆ ವೈರ್ ಬದಲಾಯಿಸಿ, ಗ್ಯಾಸ್ಕೆಟ್ ಇರುವ ಬಾಕ್ಸ್ ಹಾಕಿದರು.

ಆಮೇಲೆ ಡಿಬಿಯಲ್ಲಿ 30 ಮಿಲಿ ಆಂಪಿನ ಹೊಸ ಆರ್‌ಸಿಸಿಬಿ ಕೂರಿಸಿ ಲೈನ್ ಕೊಟ್ಟೆವು. ಎಲ್ಲ ಸರಿ. ರಾತ್ರಿ ಯಾರೋ ಮೆಟ್ಟಿಲ ದೀಪ ಹಾಕಿದರು, ಕೆಳಮನೆ ಪೂರ್ತಿ ಕತ್ತಲೆ. ಆರ್‌ಸಿಸಿಬಿ ಬಿದ್ದಿತ್ತು. ಎತ್ತಿದರೆ ನಿಲ್ಲುತ್ತದೆ. ಮೆಟ್ಟಿಲ ದೀಪ ಹಾಕಿದರೆ ಬೀಳುತ್ತದೆ. ಬಲ್ಬು 9 ವಾಟಿನ ಎಲ್‌ಇಡಿ, ಅಷ್ಟೇ.

ಮಾರನೆ ದಿನ ಹುಡುಗ, "ಅಕ್ಕ, ಆರ್‌ಸಿಸಿಬಿ ಬೈಪಾಸ್ ಮಾಡ್ಬಿಡಣ, ಮುಂಚೆ ಇರ್ಲಿಲ್ವಲ್ಲ" ಅಂದ. ಕಂಟ್ರಾಕ್ಟರೇ ಅವನನ್ನು ಗದರಿದರು. ಅವರಿಗೆ ಕಾರಣ ಹೊಳೆದಿತ್ತು: ಕಡ ತಂದ ನ್ಯೂಟ್ರಲ್, ಅಂದರೆ ಕರೆಂಟು ವಾಪಸ್ ಹೋಗುವ ವೈರನ್ನು ಬೇರೆ ಲೈನಿನಿಂದ ತಂದು ಕಟ್ಟಿದ್ದು. ಮೆಟ್ಟಿಲ ದೀಪದ ಫೇಸ್ (ಕರೆಂಟು ಬರುವ ವೈರು) ಮೇಲ್ಮನೆಯ ಲೈನಿನಿಂದ ಬಂದಿದೆ, ಅದು ಈ ಆರ್‌ಸಿಸಿಬಿ ಮೂಲಕ ಹಾದುಹೋಗುವುದಿಲ್ಲ. ನ್ಯೂಟ್ರಲ್ ಹತ್ತಿರ ಸಿಕ್ಕಿತು ಅಂತ ಯಾರೋ ಕೆಳಮನೆಯದಕ್ಕೆ ಕಟ್ಟಿದ್ದಾರೆ. ಹೋಗದ ಕರೆಂಟು ವಾಪಸ್ ಮಾತ್ರ ಬಂದರೆ ಆರ್‌ಸಿಸಿಬಿಗೆ ಅದು ಸೋರಿಕೆಯ ಲೆಕ್ಕವೇ. 9 ವಾಟ್ ಅಂದರೆ 39 ಮಿಲಿ ಆಂಪ್. ಬೀಳಲು ಅಷ್ಟು ಸಾಕು.

ಎಲ್ಲಿ ಕಟ್ಟಿದ್ದಾರೆ ಅಂತ ಹುಡುಕಬೇಕಿತ್ತು. ನಕ್ಷೆ ಹಿಡಿದುಕೊಂಡು ಹಾಲ್‌ನ ಬಾಕ್ಸ್‌ಗಳ ಮುಚ್ಚಳ ಒಂದೊಂದೇ ತೆಗೆದರು. ಸಿಕ್ಕಿದ್ದು ದೇವರಮನೆ ಪಕ್ಕದ, ಅತ್ತೆ ಬೇಡ ಅಂದಿದ್ದ ಅದೇ ಪ್ಲೇಟಿನ ಹಿಂದೆ. ಹಾಲ್‌ನ ನ್ಯೂಟ್ರಲ್ ಕಟ್ಟಿನಲ್ಲಿ ಒಂದು ಕಪ್ಪು ವೈರು ಮೆಟ್ಟಿಲ ಕಡೆಯ ಪೈಪಿನಿಂದ ಬಂದು ಸೇರಿತ್ತು. ಆವತ್ತು ಪುಟ್ಟಿ ಎಳೆದು ಮುಚ್ಚಿದ್ದರೆ ಹೊಸ ಬಣ್ಣದ ಗೋಡೆಯನ್ನು ಎಲ್ಲೆಲ್ಲಿ ಕೆತ್ತಬೇಕಿತ್ತೋ. ಆ ಕಪ್ಪು ವೈರನ್ನು ಬೇರ್ಪಡಿಸಿ, ಮೇಲ್ಮನೆ ಲೈನಿನದೇ ನ್ಯೂಟ್ರಲ್ ಅನ್ನು ಮೆಟ್ಟಿಲ ಬೋರ್ಡಿನ ತನಕ ಎಳೆದು ಕೊಟ್ಟರು. ಹಳೇ ಪೈಪಿನಲ್ಲಿ ಜಾಗ ಇತ್ತು, ಅರ್ಧ ಗಂಟೆಯ ಕೆಲಸ.

ಕೊನೆಗೆ ಇಂಡಕ್ಷನ್ ಒಲೆ, ಗೀಸರ್, ಮೈಕ್ರೋವೇವ್ ಒಟ್ಟಿಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟು, ಎಲ್ಲ ಆಫ್ ಮಾಡಿ, ಡಿಬಿಯ ಮೇನ್ ಇಳಿಸಿ, ಬಾಕ್ಸ್‌ಗಳ ಮುಚ್ಚಳ ತೆಗೆದು ಕನೆಕ್ಟರ್ ಮುಟ್ಟಿ ನೋಡಿದೆವು. ಎಲ್ಲೂ ಬಿಸಿ ಇರಲಿಲ್ಲ.

ಬಾಕಿ ಇರುವುದು ಮೇಲ್ಮನೆ. ಅಲ್ಲಿ ಇನ್ನೂ ಹಳೇ ಫ್ಯೂಸ್ ಕ್ಯಾರಿಯರ್‌ಗಳೇ ಇವೆ, ಆರ್‌ಸಿಸಿಬಿ ಇಲ್ಲ. ತಾರಸಿಯ ತೊಟ್ಟಿಯ ಮೋಟಾರ್ ಲೈನ್ ಕೂಡ ಗಾರೆಯೊಳಗೆ ಪೈಪಿಲ್ಲದೆ ಹೋಗಿರುವಂತೆ ಕಾಣುತ್ತದೆ. ಬೋರ್ಡ್ ತೆಗೆದರೆ ಪೈಪಿನ ಬಾಯಿ ಕಾಣಿಸುತ್ತಿಲ್ಲ. ಮಳೆಗಾಲ ಕಳೆದ ಮೇಲೆ ಅದಕ್ಕೆ ಕೈಹಾಕುವುದು ಅಂತ ಕಂಟ್ರಾಕ್ಟರ್ ಜೊತೆ ಮಾತಾಗಿದೆ. ಅಲ್ಲಿಯತನಕ ಮೋಟಾರ್ ಓಡುವಾಗ ಆ ಗೋಡೆಯನ್ನು ಆಗಾಗ ಹೊರಗೈಯಿಂದ ಮುಟ್ಟಿ ನೋಡುತ್ತಿರುತ್ತೇನೆ. ಕೆಲಸದ ಕಂಪ್ಲೀಷನ್ ರಿಪೋರ್ಟ್ ಮತ್ತು ಸಾಮಾನಿನ ಬಿಲ್ಲುಗಳನ್ನು ಫೋಟೋಗಳ ಜೊತೆ ಒಂದೇ ಫೈಲಿನಲ್ಲಿ ಇಟ್ಟಿದ್ದೇನೆ. ಮುಂದೆ ಲೋಡ್ ಹೆಚ್ಚಿಸಲು ಅರ್ಜಿ ಹಾಕುವಾಗ ಬೇಕಾಗುತ್ತದೆ.